ಸಹಾಯ ಬೇಕು: ಸೆಕ್ಟರ್ ಫಂಡ್ ಯಾವಾಗ ಕೊಳ್ಳಬೇಕು, ಯಾವಾಗ ಮಾರಬೇಕು?

ಎಲ್ಲರಿಗೂ ನಮಸ್ಕಾರ. ನಾನು ಕೋಲಾರದವನು, ಎಪಿಎಂಸಿ ಹತ್ತಿರ ಗೊಬ್ಬರದ ಅಂಗಡಿ ಇಟ್ಟಿದ್ದೇನೆ. ಇಂಡೆಕ್ಸ್ ಫಂಡಿನ ಎಸ್‌ಐಪಿ (ತಿಂಗಳ ಕಂತು) ಬೇರೆ ನಡೆಯುತ್ತಿದೆ, ಅದನ್ನು ಮುಟ್ಟುವುದಿಲ್ಲ. ಪ್ರಶ್ನೆ ಇರುವುದು ಐಟಿ ಸೆಕ್ಟರ್ ಫಂಡಿನ ಬಗ್ಗೆ, ಅಂದರೆ ಮುಖ್ಯವಾಗಿ ಐಟಿ ಕಂಪನಿಗಳ ಷೇರುಗಳಲ್ಲಿ ಹಣ ಹಾಕುವ ಮ್ಯೂಚುವಲ್ ಫಂಡ್.

ನಿಫ್ಟಿ ಐಟಿ ಸೂಚ್ಯಂಕ ತನ್ನ ಕಳೆದ 200 ದಿನಗಳ ಸರಾಸರಿ ಮಟ್ಟಕ್ಕಿಂತ ಮೇಲೆ ಹೋದರೆ ಕೊಳ್ಳುವುದು, ಕೆಳಗೆ ಇಳಿದರೆ ಮಾರುವುದು. ಇದು ನನ್ನ ನಿಯಮ. ಆದರೆ ಸೂಚ್ಯಂಕ ಆ ಗೆರೆಯ ಸುತ್ತಲೇ ಆಡುತ್ತಿದ್ದರೆ ಏನು ಮಾಡುವುದು? ಕಳೆದ ವರ್ಷ ಎರಡು ಸಲ ಕೊಂಡೆ, ಎರಡು ಸಲವೂ ಕೆಲವೇ ವಾರಗಳಲ್ಲಿ ನಷ್ಟಕ್ಕೆ ಮಾರಿದೆ. ಎಕ್ಸಿಟ್ ಲೋಡ್ (ಬೇಗ ಮಾರಿದ್ದಕ್ಕೆ ಹಿಡಿಯುವ ಶುಲ್ಕ) ಬೇರೆ ಹೋಯಿತು. ಲಾಭ ಬಂದರೂ ವರ್ಷದೊಳಗೆ ಮಾರಿದರೆ 20% ತೆರಿಗೆ. ವರ್ಷ ದಾಟಿದರೆ 12.5%, ಅದೂ 1.25 ಲಕ್ಷಕ್ಕಿಂತ ಮೇಲಿನ ಲಾಭಕ್ಕೆ ಮಾತ್ರ.

ಆರ್‌ಎಸ್‌ಐ (ಬೆಲೆ ಇತ್ತೀಚೆಗೆ ಎಷ್ಟು ಜೋರಾಗಿ ಏರಿದೆ ಅಂತ 0ರಿಂದ 100ರೊಳಗೆ ತೋರಿಸುವ ಅಳತೆ) 70 ದಾಟಿದರೆ ಮಾರಿ ಅಂತಾರೆ. ನನಗೆ ಅದರಲ್ಲಿ ನಂಬಿಕೆ ಕಡಿಮೆ. ನಮ್ಮ ಮಂಡಿಯಲ್ಲಿ ಟೊಮ್ಯಾಟೊ ದರ ಜಾಸ್ತಿ ಆಯಿತು ಅಂದ ಮೇಲೂ ಏರುತ್ತಲೇ ಹೋಗಿದ್ದನ್ನು ನೋಡಿದ್ದೇನೆ. ಸೂಚ್ಯಂಕವೂ ಹಾಗೇ ಅಲ್ವಾ?

ಫಂಡಿಗೆ ದಿನಕ್ಕೊಂದೇ ಬೆಲೆ, ಅಂದರೆ ಎನ್‌ಎವಿ. ಹಾಗಾಗಿ ದಿನದ ಚಾರ್ಟ್ ಬಿಟ್ಟು, ತಿಂಗಳ ಕೊನೆಯ ಮಟ್ಟವನ್ನು 10 ತಿಂಗಳ ಸರಾಸರಿ ಜೊತೆ ಹೋಲಿಸಿದರೆ ಸುಳ್ಳು ಸೂಚನೆ ಕಡಿಮೆ ಆಗುತ್ತದಾ? ನಿಫ್ಟಿ 50ಕ್ಕೆ ಹೋಲಿಸಿ ಸೆಕ್ಟರಿನ ಬಲ ನೋಡುವವರು ಯಾರಾದರೂ ಇದ್ದೀರಾ?

ಯಾವ ಫಂಡ್ ಒಳ್ಳೆಯದು ಅಂತ ಹೇಳಬೇಡಿ. ನೀವೇ ಮಾಡಿ ನೋಡಿದ್ದನ್ನು, ನಷ್ಟ ಆಗಿದ್ದರೂ ಸರಿ, ದಯವಿಟ್ಟು ಬರೆಯಿರಿ.