ಪದಚರ್ಚೆ: ಬಾಯಿಪಾಠ ಇದೆ, ‘ಕೈಪಾಠ’ ಇದೆಯೇ?

ಎಲ್ಲರಿಗೂ ನಮಸ್ಕಾರ.

ಮೊನ್ನೆ ರಾತ್ರಿ ಊಟಕ್ಕೆ ಕೂತಿದ್ದೆ. ಆಫೀಸಿನ ಹೊಸ ಹುಡುಗ ಫೋನ್ ಮಾಡಿ, ‘ಸರ್, ಟಾರ್ ಫೈಲ್ ಬಿಚ್ಚೋಕೆ ಏನು ಕಮಾಂಡ್ ಕೊಡಬೇಕು?’ ಅಂದ. ಟಾರ್ ಅಂದರೆ ಹಲವು ಫೈಲುಗಳನ್ನು ಒಂದೇ ಗಂಟಾಗಿ ಕಟ್ಟಿದ್ದು. ಆಜ್ಞೆಗಳನ್ನು ಟೈಪ್ ಮಾಡಿ ನಡೆಸುವ ಲಿನಕ್ಸ್ ಅನ್ನುವ ಕಂಪ್ಯೂಟರ್ ವ್ಯವಸ್ಥೆಯಲ್ಲೇ ಹದಿನೈದು ವರ್ಷದಿಂದ ಇದ್ದೇನೆ, ಆದರೂ ಬಾಯಿಗೆ ಬರಲಿಲ್ಲ! ಮೇಜಿನ ಮೇಲೆ ಸುಮ್ನೆ ಟೈಪ್ ಮಾಡಿದ ಹಾಗೆ ಮಾಡಿ, ಬೆರಳು ಎಲ್ಲೆಲ್ಲಿ ಬಿತ್ತು ಅಂತ ನೋಡಿಕೊಂಡು ಹೇಳಿದೆ: ಎಕ್ಸ್, ಝಡ್, ಎಫ್. ಎಕ್ಸ್ ಅಂದರೆ ಬಿಚ್ಚು, ಝಡ್ ಅಂದರೆ ಜಿಜಿಪ್ ಅನ್ನುವ ತಂತ್ರಾಂಶದಿಂದ ಅದುಮಿ ಚಿಕ್ಕದು ಮಾಡಿದ್ದು, ಎಫ್ ಆದ ಮೇಲೆ ಫೈಲಿನ ಹೆಸರು. ಈ ಅರ್ಥವೆಲ್ಲ ಹೊಳೆದದ್ದು ಆಮೇಲೆ.

ಇಂಥ ನೆನಪಿಗೆ ನಮ್ಮಲ್ಲಿ ಹೆಸರೇನು? ‘ಪಳಗಿದ ಕೈ’ ಅಂದರೆ ಆ ಮನುಷ್ಯನನ್ನು ಹೇಳಿದಂತೆ, ನೆನಪನ್ನಲ್ಲ. ‘ರೂಢಿ’ ತೀರಾ ಅಗಲವಾಯಿತು, ಕಾಫಿ ಕುಡಿಯುವುದೂ ರೂಢಿಯೇ. ‘ಕೈಗೆ ಬಂದಿದೆ’ ಅನ್ನಬಹುದು, ಆದರೆ ‘ಕೈಗೆ ಬಂದ ಮಗ’ ಅಂದಾಗ ಅರ್ಥವೇ ಬೇರೆ ಅಲ್ವಾ? ‘ಕೈಪಾಠ’ ಅಂತ ನಾನೇ ಹೇಳಿಕೊಂಡು ಓಡಾಡುತ್ತಿದ್ದೇನೆ. ಯಾರಾದರೂ ಮೊದಲೇ ಕೇಳಿದ್ದೀರಾ?

ಕೈಯ ಮಾತು ಬಂತು, ಇನ್ನೊಂದು ಕೇಳಿಬಿಡುತ್ತೇನೆ. ಆ ಹುಡುಗನಿಗೆ ‘ಮ್ಯಾನ್ ಟಾರ್ ಅಂತ ಹೊಡೆದು ನೋಡು’ ಅಂದರೆ ‘ಮ್ಯಾನ್ ಅಂದ್ರೆ ಯಾರು ಸರ್?’ ಅಂದ. ಅದು ಬೇರೆ ಆಜ್ಞೆಗಳ ವಿವರ ತೋರಿಸುವ ಆಜ್ಞೆ, ಹೆಸರು ಮ್ಯಾನ್ಯುಯಲ್‌ನ ತುಂಡು. ಅದರ ಬೇರು ಲ್ಯಾಟಿನ್ನಿನ ‘ಮಾನುಸ್’, ಅಂದರೆ ಕೈ. ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್ ವ್ಯವಸ್ಥೆಯನ್ನು ಕಟ್ಟಿದ ಥಾಂಪ್ಸನ್ ಮತ್ತು ರಿಚಿ ಅದರ ಮೊದಲ ಮ್ಯಾನ್ಯುಯಲ್ ಹೊರತಂದದ್ದು 1971ರ ನವೆಂಬರ್‌ನಲ್ಲಿ. ನಮ್ಮ ‘ಕೈಪಿಡಿ’ಯಲ್ಲೂ ಕೈ ಇದೆ, ಜೊತೆಗೆ ‘ಹಿಡಿ’ಯ ಹಳೆಯ ರೂಪ ‘ಪಿಡಿ’ ಹಾಗೇ ಉಳಿದಿದೆ. ಒಳ್ಳೆಯದೇ ಆಯಿತು, ‘ಕೈಹಿಡಿ’ ಅಂದಿದ್ದರೆ ಮದುವೆಯಾಗಿಬಿಡುತ್ತಿತ್ತು. ಇದನ್ನು ಮ್ಯಾನ್‌ನಂತೆ ಮೊಟಕು ಮಾಡೋಣವೆಂದರೆ ಅದೂ ಕಷ್ಟ. ‘ಕೈ ನೋಡು’ ಅಂದರೆ ಹುಡುಗ ಅಂಗೈ ಚಾಚುತ್ತಾನೆ.

ಆಜ್ಞೆಯ ಹೆಸರೇ ಮರೆತಾಗ ಬಳಸುವ ‘ಅಪ್ರೊಪೋ’ ಅನ್ನುವ ಆಜ್ಞೆಗೂ ಒಂದು ಕನ್ನಡ ಪದ ಬೇಕು. ಒಂದು ಪದ ಕೊಟ್ಟರೆ ಅದು ಎಲ್ಲ ಆಜ್ಞೆಗಳ ಹೆಸರು ಮತ್ತು ಒಂದು ಸಾಲಿನ ವಿವರಣೆಗಳಲ್ಲಿ ಹುಡುಕಿ ಹೇಳುತ್ತದೆ. ನನಗೆ ಹೊಳೆದದ್ದು ‘ಸುಳಿವು’. ಅಷ್ಟೇನೂ ಜಾಸ್ತಿ ಇಷ್ಟವಾಗಿಲ್ಲ.

ಮೃದಂಗ ಕಲಿಸುವವರು ‘ತ ದಿ ತೊಂ ನಂ’ ಅಂತ ಮೊದಲು ಬಾಯಲ್ಲಿ ಹೇಳಿಸಿ, ಆಮೇಲೆ ಕೈಯಲ್ಲಿ ನುಡಿಸುತ್ತಾರೆ. ಬಾಯಿ ಮರೆತರೂ ಕೈ ನುಡಿಸುತ್ತಲೇ ಹೋಗುತ್ತದಲ್ಲ, ಅದಕ್ಕೆ ಅವರು ಏನನ್ನುತ್ತಾರೆ? ಮಗ್ಗದವರು, ಹೊಲಿಗೆಯವರು ಏನನ್ನುತ್ತಾರೆ? ಮನೆಯಲ್ಲಿ ಅಂಥವರಿದ್ದರೆ ಕೇಳಿ ಬರೆಯಿರಿ.