ಪದಚರ್ಚೆ: ‘ಇನ್‌ಫಾರ್ಮ್ಡ್ ಕನ್ಸೆಂಟ್’ಗೆ ಬಸುರಿಯರಿಗೆ ತಿಳಿಯುವ ಮಾತು

ಪ್ರಶ್ನೆ:
ಮಗುವಿಗೆ ಡೌನ್ ಸಿಂಡ್ರೋಮ್ (ಬೆಳವಣಿಗೆ, ಕಲಿಕೆ ನಿಧಾನವಾಗುವ ಹುಟ್ಟು ಸ್ಥಿತಿ) ಇರುವ ಸಾಧ್ಯತೆ ತಿಳಿಯಲು ಬಸುರಿನ 11 ವಾರದಿಂದ 13 ವಾರ 6 ದಿನದೊಳಗೆ ಮಾಡುವ ಎನ್‌ಟಿ ಸ್ಕ್ಯಾನ್, ಡಬಲ್ ಮಾರ್ಕರ್ ರಕ್ತಪರೀಕ್ಷೆಗಳ ಒಪ್ಪಿಗೆ ಪತ್ರ ನಾಳೆ ಅಚ್ಚಿಗೆ ಹೋಗಬೇಕು. ‘ಇನ್‌ಫಾರ್ಮ್ಡ್ ಕನ್ಸೆಂಟ್’ಗೆ, ಅಂದರೆ ವಿಷಯ ತಿಳಿದುಕೊಂಡು ಕೊಡುವ ಒಪ್ಪಿಗೆಗೆ, ಕರಡಿನಲ್ಲಿ ‘ಮಾಹಿತಿಪೂರ್ವಕ ಸಮ್ಮತಿ’ ಎಂದಿದೆ. ಸರಿಯೇ? ‘ಸ್ಕ್ರೀನಿಂಗ್’, ‘ಹೈ ರಿಸ್ಕ್’ಗೂ ಪದ ಬೇಕು.

ಉತ್ತರ:
ಸರಿಯಲ್ಲ. ‘ಮಾಹಿತಿ’ ಸಂಸ್ಕೃತವಲ್ಲ, ಮರಾಠಿಯ ಹಾದಿಯಲ್ಲಿ ಬಂದ ಅರಬ್ಬಿ ಮೂಲದ ಪದ. ಅದಕ್ಕೆ ‘ಪೂರ್ವಕ’ ಅಂಟಿಸುವುದು ಅರಿಸಮಾಸದಷ್ಟೇ (ಕನ್ನಡ, ಸಂಸ್ಕೃತ ಪದ ಬೆರೆಸಿ ಸಮಾಸ ಮಾಡುವ ದೋಷ) ಕೆಟ್ಟದ್ದು. ‘ತಿಳಿದೊಪ್ಪಿಗೆ’ ಎನ್ನಿ, ಅಚ್ಚಗನ್ನಡ.

ಉತ್ತರ:
‘ತಿಳಿದೊಪ್ಪಿಗೆ’ ಕನ್ನಡದ ಜಾಯಮಾನವೇ ಅಲ್ಲ. ‘ತಿಳಿದು’ ಎಂದಮೇಲೆ ಕ್ರಿಯಾಪದ ಬರಬೇಕು. ‘ತಿಳಿದ ಒಪ್ಪಿಗೆ’ ಎಂದರೆ ಯಾರಿಗೋ ಗೊತ್ತಿರುವ ಒಪ್ಪಿಗೆ ಎಂದಾಗುತ್ತದೆ. ಸಹಿಯ ಮೇಲೆ ನಾಮಪದವೇ ಯಾಕೆ ಬೇಕು? ‘ತಿಳಿದುಕೊಂಡು ಒಪ್ಪಿದ್ದೇನೆ’ ಎಂದು ಹಾಕಿ. ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ, ‘ತಿಳಿದುಕೊಂಡಿದ್ದೇನೆ, ಪರೀಕ್ಷೆ ಬೇಡ’ ಎಂಬ ಚೌಕವೂ ಇರಲಿ. ಎಷ್ಟೋ ಕಡೆ ರಕ್ತ ತೆಗೆಯುವ ಹೊತ್ತಿಗೆ ಕಾಗದ ಮುಂದಿಟ್ಟು ಸಹಿ ಹಾಕಿಸುತ್ತಾರೆ, ಬೇಡ ಅನ್ನಬಹುದೆಂಬುದೇ ಬಸುರಿಗೆ ಗೊತ್ತಿರುವುದಿಲ್ಲ.

‘ಸ್ಕ್ರೀನಿಂಗ್’ಗೆ ಬರೀ ‘ತಪಾಸಣೆ’ ಸಾಲದು, ಕಾಯಿಲೆ ಪತ್ತೆಯಾಯಿತೆಂದೇ ಓದಿಕೊಳ್ಳುತ್ತಾರೆ. ಇದನ್ನು ‘ಸಾಧ್ಯತೆ ನೋಡುವ ಪರೀಕ್ಷೆ’ ಎನ್ನಿ. 15 ವಾರ ಕಳೆದ ಮೇಲೆ ಗರ್ಭದ ನೀರು ತೆಗೆದು ಮಾಡುವುದು ‘ಖಚಿತಪಡಿಸುವ ಪರೀಕ್ಷೆ’. ಅದರಿಂದ ಗರ್ಭಪಾತವಾಗುವ ಸಣ್ಣ ಸಂಭವವಿದೆ, ಅದನ್ನೂ ಅಲ್ಲೇ ಬರೆಯಬೇಕು.

‘ಹೈ ರಿಸ್ಕ್’ಗೆ ‘ಹೆಚ್ಚು ಅಪಾಯ’ ಎಂದರೆ ತಾಯಿಯ ಜೀವಕ್ಕೇ ಕುತ್ತು ಎಂದು ಮನೆಯವರೆಲ್ಲ ಗಾಬರಿಯಾಗುತ್ತಾರೆ. ವರದಿಯಲ್ಲಿ 1:100 ಎಂದಿದ್ದರೆ ಅದನ್ನು ಬಿಡಿಸಿ ಬರೆಯಿರಿ: ‘ಇಂಥ ಫಲಿತಾಂಶ ಬಂದ 100 ಬಸುರಿಯರಲ್ಲಿ ಒಬ್ಬರ ಮಗುವಿಗೆ ಡೌನ್ ಸಿಂಡ್ರೋಮ್ ಇರಬಹುದು, 99 ಮಂದಿಯ ಮಗುವಿಗೆ ಇರುವುದಿಲ್ಲ.’

ಉತ್ತರ:
‘ಅನುಮತಿ’ ಎಲ್ಲೂ ನುಸುಳದಿರಲಿ. ಅದು ಮೇಲಿನವರು ಕೆಳಗಿನವರಿಗೆ ಕೊಡುವಂಥದ್ದು, ಗಂಡನ ಸಹಿಗೂ ಜಾಗ ಮಾಡಿಕೊಡುತ್ತದೆ. ಇಲ್ಲಿ ಬೇಕಾದ್ದು ಆಕೆಯ ಒಪ್ಪಿಗೆ. ಪ್ರಸವಪೂರ್ವ ಪತ್ತೆ ತಂತ್ರಗಳ 1994ರ ಕಾಯ್ದೆಯ 5ನೇ ಸೆಕ್ಷನ್, ಆಕೆಗೆ ಅರ್ಥವಾಗುವ ಭಾಷೆಯಲ್ಲಿ ಬರೆದ ಒಪ್ಪಿಗೆ ಪಡೆದು ಅದರ ಪ್ರತಿಯನ್ನು ಆಕೆಗೇ ಕೊಡಬೇಕೆನ್ನುತ್ತದೆ. ‘ಅರ್ಥವಾಗುವ’ ಎಂಬುದನ್ನೇ ಅಳತೆಗೋಲು ಮಾಡಿಕೊಳ್ಳಿ.

ಮೊದಲ ಉತ್ತರ ಕೊಟ್ಟವರಿಂದ:
ಒಪ್ಪಿದೆ. ಹಾಗಾದರೆ ‘ಸ್ಕ್ಯಾನ್’, ‘ಡಬಲ್ ಮಾರ್ಕರ್’ ಯಾಕೆ ಉಳಿಯಬೇಕು? ಹೀಗೆ ಬಂದದ್ದನ್ನೆಲ್ಲ ಇಟ್ಟುಕೊಂಡರೆ ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಮಾತ್ರ ಉಳಿದೀತು.

ಉತ್ತರ:
ಲ್ಯಾಬ್ ಚೀಟಿಯಲ್ಲಿ, ಬಿಲ್ಲಿನಲ್ಲಿ ಅದೇ ಹೆಸರಿರುತ್ತದೆ. ಪತ್ರದಲ್ಲಿ ಬೇರೆ ಹೆಸರಿಟ್ಟರೆ ಒಪ್ಪಿದ್ದು ಯಾವುದಕ್ಕೆ ಎಂದು ಆಕೆ ತಾಳೆ ನೋಡುವುದು ಹೇಗೆ? ಹೆಸರು ಇದ್ದಂತೆ ಇರಲಿ, ಎನ್‌ಟಿ ಸ್ಕ್ಯಾನ್ ಎಂಬುದರ ಕೆಳಗೆ ‘ಮಗುವಿನ ಕತ್ತಿನ ಹಿಂಬದಿಯ ನೀರಿನ ದಪ್ಪ ಅಳೆಯುವುದು’ ಎಂದು ಒಂದು ಸಾಲು ಸೇರಿಸಿ.