ಅಪ್‌ಡೇಟ್: ಹೊಲದ ಮನೆಗೆ ನಾವು ಆರಿಸಿದ ನೀರಿನ ಫಿಲ್ಟರ್

ಶಹಾಪುರ ತಾಲ್ಲೂಕಿನ ನಮ್ಮ ಹೊಲದ ಮನೆಗೆ ಕರೆಂಟ್ ಸಂಪರ್ಕವಿಲ್ಲ, ಸಣ್ಣದೊಂದು ಸೋಲಾರ್ ಪ್ಯಾನೆಲ್ ಮಾತ್ರ ಇದೆ, ಅಲ್ಲಿಯ ಬೋರ್‌ವೆಲ್ ನೀರಿಗೆ ಆರ್‌ಒ (ಒತ್ತಡದಿಂದ ಸೂಕ್ಷ್ಮ ಪೊರೆಯ ಮೂಲಕ ಸೋಸುವ) ಫಿಲ್ಟರ್ ಸೂಕ್ತವೋ ಯುವಿ (ನೇರಳಾತೀತ ಬೆಳಕಿನ) ಫಿಲ್ಟರ್ ಸೂಕ್ತವೋ ಎಂದು ಹಿಂದೆ ಕೇಳಿದ್ದೆ. ಮೊದಲು ನೀರು ಪರೀಕ್ಷೆ ಮಾಡಿಸಿ ಎಂದವರಿಗೆಲ್ಲ ಮನಃಪೂರ್ವಕ ಧನ್ಯವಾದಗಳು, ಏಕೆಂದರೆ ವರದಿಯಲ್ಲಿ, ಹೆಚ್ಚಾದರೆ ಹಲ್ಲು ಮತ್ತು ಮೂಳೆಗಳಿಗೆ ಹಾನಿ ಮಾಡುವ ಫ್ಲೋರೈಡ್‌ನ ಪ್ರಮಾಣವು ಲೀಟರಿಗೆ 1.5 ಮಿಲಿಗ್ರಾಂ ಎಂಬ ಗರಿಷ್ಠ ಮಿತಿಯನ್ನು ದಾಟಿತ್ತು. ಯುವಿ ದೀಪವು ರೋಗಾಣುಗಳನ್ನು ಕೊಲ್ಲುತ್ತದೆಯೇ ಹೊರತು ಫ್ಲೋರೈಡನ್ನು ತೆಗೆಯುವುದಿಲ್ಲ. ಕುದಿಸಿದರೂ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರತೆ ಹೆಚ್ಚುತ್ತದೆ. ಆರ್‌ಒ ತೆಗೆಯುವುದು ನಿಜ, ಆದರೆ ಬೇಸಿಗೆಯಲ್ಲಿ ಬೋರ್ ಬತ್ತುವ ಊರಿನಲ್ಲಿ ಅದು ಹೊರಚೆಲ್ಲುವಷ್ಟು ನೀರನ್ನು ಕಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಹೀಗಾಗಿ ಕುಡಿಯುವುದಕ್ಕೂ ಅಡುಗೆಗೂ ಮಳೆನೀರನ್ನೇ ನೆಚ್ಚಿಕೊಂಡಿದ್ದೇವೆ. 100 ಚದರ ಮೀಟರ್ ಚಾವಣಿಯ ಮೇಲೆ 10 ಮಿಲಿಮೀಟರ್ ಮಳೆ ಸುರಿದರೆ 1000 ಲೀಟರ್ ನೀರು ಬೀಳುತ್ತದೆ, ಅದರಲ್ಲಿ ಒಂದಿಷ್ಟು ಸೋರಿಹೋಗುತ್ತದೆ. ಧೂಳು, ಹಕ್ಕಿಗಳ ಹಿಕ್ಕೆ ಕೊಚ್ಚಿಕೊಂಡು ಬರುವ ಮೊದಲ ನೀರನ್ನು ಹೊರಗೆ ಬಿಟ್ಟು, ಉಳಿದದ್ದನ್ನು ಜಲ್ಲಿ ಮತ್ತು ಮರಳಿನ ಪದರಗಳ ಮೂಲಕ ಮುಚ್ಚಿದ ತೊಟ್ಟಿಗೆ ಹರಿಸುತ್ತೇವೆ. ಕುಡಿಯುವ ನೀರನ್ನು ಸೆರಾಮಿಕ್ ಕ್ಯಾಂಡಲ್ ಫಿಲ್ಟರಿನಲ್ಲಿ ಸೋಸಿ ಕುದಿಸುತ್ತೇವೆ.

ತೊಟ್ಟಿ ಬರಿದಾದಾಗ ಬೋರ್ ನೀರಿಗೆ ಆಕ್ಟಿವೇಟೆಡ್ ಅಲ್ಯೂಮಿನಾ ಫಿಲ್ಟರ್ ಇದೆ. ಅದರ ಕಾಳುಗಳು ಫ್ಲೋರೈಡ್ ಹೀರಿ ಹೀರಿ ಒಂದು ಹಂತದಲ್ಲಿ ನಿಷ್ಪ್ರಯೋಜಕವಾಗುತ್ತವೆ, ಆದರೆ ನೀರಿನ ಬಣ್ಣದಲ್ಲಾಗಲಿ ರುಚಿಯಲ್ಲಾಗಲಿ ಅದು ತಿಳಿಯುವುದಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿರುವುದರಿಂದ ಸೋಸಿದ ನೀರನ್ನೂ ಆಗಾಗ ಪರೀಕ್ಷೆಗೆ ಕಳಿಸಲು ನಿರ್ಧರಿಸಿದ್ದೇವೆ.